ಮಕಮಲ್ಲಿನೊಳಗಿನ ಎಡಗೈ

ಶನಿವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ಹೊರೇಸ್ ಟಿಬ್ಬಲ್ ಏನನ್ನೋ ನೆನೆಸಿಕೊಂಡವನಂತೆ ಕತ್ತಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ. ಮರುಕ್ಷಣವೇ ಗಲ್ಲ ಕೊಯ್ದುಕೊಂಡ. ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟಿದ್ದ ಕನ್ನಡಿ ಅಂಗೈಯಗಲದ್ದು. ಮನೆಯೊಳಗೆ ಅವನು ಎಲ್ಲವನ್ನೂ ಎಡಗೈಯಲ್ಲೇ ಮಾಡುವವನು, ಆದರೆ ಕನ್ನಡಿಯಲ್ಲಿದ್ದವನು ಅದನ್ನೆಲ್ಲ ಬಲಗೈಯಲ್ಲಿ ಮಾಡುತ್ತಿದ್ದ. ಮೂವತ್ತೆಂಟು ವರ್ಷ ಬಾಳಿದ್ದರೂ ಇದು ಅವನ ಗಮನಕ್ಕೆ ಬಂದಿರಲಿಲ್ಲ. ಕಳೆದ ನವೆಂಬರಿನಿಂದ ಮಾತ್ರ ಆ ಕನ್ನಡಿಯವನನ್ನು ಕಂಡರೆ ಮೈ ಉರಿಯುತ್ತಿತ್ತು. ಅವನನ್ನು ಮಣಿಸಬೇಕೆಂದು ಕೈ ಬದಲಾಯಿಸಿದರೆ ರಕ್ತ ಬಂದದ್ದು ತನ್ನ ಗಲ್ಲದಿಂದಲೇ.

"ಇವತ್ತೇ ಕೊಯ್ದ್ಕೋಬೇಕಿತ್ತಾ ಮಾರಾಯಾ? ಇಡೀ ಬೀದಿ ನಿನ್ನ ನೋಡೋ ದಿನ," ಎಂದಳು ಮಾಬೆಲ್, ಅವನ ಹೆಂಡತಿ. ಅವಳು ಬೆಳಿಗ್ಗೆಯೇ ಟೋಪಿ ಹಾಕಿಕೊಂಡು ನೋಡಿ, ತೆಗೆದಿಟ್ಟು, ಮತ್ತೆ ಹಾಕಿಕೊಂಡಿದ್ದಳು.

"ನನ್ನ ಮುಖ ಯಾರು ನೋಡ್ತಾರೆ? ಆ ಸಿನಿಮಾದಲ್ಲಿ ನನಗೆ ಮುಖವೇ ಇಲ್ಲ."

"ಕೈ ಇದೆಯಲ್ಲ. ಕೈ ನೋಡ್ತಾರೆ. ಎಲ್ಲರಿಗೂ ಹೇಳಿಟ್ಟಿದ್ದೀನಿ."

ಎಲ್ಲರಿಗೂ ಅಂದರೆ ಎಲ್ಲರಿಗೂ. ಬಟ್ಟೆ ಒಣಹಾಕುವ ಹಗ್ಗದ ಆಚೆಗಿನ ಮಿಸೆಸ್ ಡಾಕೆಟ್‌ಗೆ, ಅವಳ ಗಂಡ ಕಲ್ಲಿದ್ದಲು ಹೊರುವ ಬರ್ಟ್‌ಗೆ, ಮೀನಿನಂಗಡಿಯಲ್ಲಿ ಸಾಲು ನಿಂತವರಿಗೆ, ಚರ್ಚಿನ ಬಾಗಿಲಲ್ಲಿ ಪಾದ್ರಿಯ ತಂಗಿಗೆ. 'ಡಾಕ್ಟರ್ ಮೆಲಿಶ್‌ನ ಮದ್ದು' ಈ ಶನಿವಾರ ಹೈಸ್ಟ್ರೀಟಿನ ಚಿತ್ರಮಂದಿರಕ್ಕೆ ಬರುತ್ತದೆ. ಮದ್ದು ಕುಡಿದು ಮೈ ಕಾಣದಂತಾಗುವ ಆ ಡಾಕ್ಟರು ಬೇರೆ ಯಾರೂ ಅಲ್ಲ, ನಮ್ಮ ಹೊರೇಸ್. ಭಿತ್ತಿಪತ್ರದಲ್ಲಿ ಹೆಸರಿರುವುದು ಲಯನಲ್ ವೇನ್ ಅನ್ನುವ ದೊಡ್ಡ ನಟನದು, ಸರಿ, ಮೊದಲ ಕಾಲು ಗಂಟೆ ಮುಖ ತೋರಿಸುವವನೂ ಅವನೇ, ಆಮೇಲೆ ಬರುವ ದನಿಯೂ ಅವನದೇ, ಆದರೆ ಮೈಯಿಲ್ಲದೆ ಓಡಾಡುವವನು ಹೊರೇಸ್. ನಂಬಿಕೆ ಬರದಿದ್ದರೆ ಕೊನೆಯಲ್ಲಿ ಡಾಕ್ಟರು ಕಾಗದ ಬರೆಯುವುದನ್ನು ನೋಡಿ, ಖಾಲಿ ಕೈಗವಸು ಎಡಗೈಯಲ್ಲಿ ಬರೆಯುತ್ತದೆ. ಮೂರು ವರ್ಷ ಕೆಲಸವಿಲ್ಲದೆ ಕಿಟಕಿಯ ಹತ್ತಿರ ಕೂತಿದ್ದ ಗಂಡನ ಬಗ್ಗೆ ಬೀದಿಯ ಕನಿಕರವನ್ನೆಲ್ಲ ನುಂಗಿದ್ದ ಹೆಂಗಸು ಅವಳು. ಈಗ ಸಾಮಾನಿನ ಗೋದಾಮೊಂದರಲ್ಲಿ ಅವನಿಗೆ ಪೆಟ್ಟಿಗೆ ಕಟ್ಟುವ ಕೆಲಸ ಸಿಕ್ಕಿದ್ದರೂ ಆ ಕನಿಕರ ಪೂರ್ತಿ ಕರಗಿರಲಿಲ್ಲ. ಇವತ್ತು ಅದನ್ನು ಬಡ್ಡಿ ಸಮೇತ ಹಿಂತಿರುಗಿಸುವ ಹುಮ್ಮಸ್ಸಿನಲ್ಲಿ ಅವಳಿದ್ದಳು. ಎಡಗೈಯ ಗುಟ್ಟನ್ನು ಅವಳೊಬ್ಬಳಿಗೇ ಎಂದು ಹೇಳಿದ್ದವನು ಅವನು. ಹೇಳಿದಾಗ ಅದು ನಿಜವೂ ಆಗಿತ್ತು. ಆಮೇಲೆ ನಡೆದದ್ದನ್ನು ಮಾತ್ರ ಅವನು ಹೇಳಿರಲಿಲ್ಲ, ಹೇಳುವ ಧೈರ್ಯ ನಾಲ್ಕು ತಿಂಗಳಲ್ಲಿ ಒಂದು ದಿನವೂ ಬಂದಿರಲಿಲ್ಲ.

ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಕೂತವನ ಮೂಗಿಗೆ, ಎಲ್ಲಿಂದಲೋ, ಒದ್ದೆ ಮಕಮಲ್ಲಿನ ವಾಸನೆ ಬಂತು. ಎಂಟು ವಾರ ಅದರೊಳಗಿದ್ದವನಿಗೆ ಆ ವಾಸನೆ ಹೋಗುವಂಥದ್ದಲ್ಲ. ತಲೆಯಿಂದ ಕಾಲ ಹೆಬ್ಬೆರಳಿನವರೆಗೆ ಕಪ್ಪು ಮಕಮಲ್ಲು, ಹಿಂದೆ ಮುಂದೆ ನೆಲಕ್ಕೆ ಗೋಡೆಗೆ ಎಲ್ಲ ಕಪ್ಪು ಮಕಮಲ್ಲು. ಕಪ್ಪಿನ ಮುಂದೆ ಕಪ್ಪು ನಿಂತರೆ ಕ್ಯಾಮೆರಾ ಅದನ್ನು ಕಾಣದು, ಮೇಲೆ ತೊಟ್ಟ ಕೋಟು, ಟೋಪಿ, ಕೈಗವಸು ಮಾತ್ರ ಕಾಣುತ್ತವೆ. ಆಮೇಲೆ ಆ ಫಿಲ್ಮನ್ನು ಕೋಣೆಯ ಫಿಲ್ಮಿನ ಮೇಲೆ ಕೂಡಿಸುತ್ತಾರೆ, ಖಾಲಿ ಕೋಟು ಕೋಣೆಯಲ್ಲಿ ನಡೆದಾಡುತ್ತದೆ. ಕಣ್ಣಿಗೆ ತೆಳು ಜಾಲರಿ, ಬಾಯಿಗೆ ಉಸಿರಾಡಲು ಒಂದು ರಬ್ಬರು ಕೊಳವೆ. ದೀಪಗಳ ಬಿಸಿಗೆ ಮೊದಲ ವಾರ ಎರಡು ಸಲ ಎಚ್ಚರತಪ್ಪಿ ಬಿದ್ದಿದ್ದ. ಬಿದ್ದದ್ದು ಯಾರಿಗೂ ತಕ್ಷಣ ಗೊತ್ತಾಗಿರಲಿಲ್ಲ, ಕೋಟು ಬಿತ್ತು ಅಂದುಕೊಂಡಿದ್ದರು. ಆ ಮದ್ದು ಕುಡಿದ ಡಾಕ್ಟರಿಗೂ ಹೀಗೇ. ಮೊದಲು ಕುಣಿದಾಡುತ್ತಾನೆ, ಆಮೇಲೆ ಮೆಟ್ಟಿಲಿಳಿಯುವಾಗ ತನ್ನ ಕಾಲು ತನಗೇ ಕಾಣದೆ ಮುಗ್ಗರಿಸುತ್ತಾನೆ, ಕ್ಷೌರದವನ ಬಳಿ ಹೋಗಲಾರ, ಚಳಿಗೆ ಬಟ್ಟೆ ಹಾಕಿದರೆ ಸಿಕ್ಕಿಬೀಳುತ್ತಾನೆ, ಬಿಚ್ಚಿದರೆ ನಡುಗುತ್ತಾನೆ. ಯಾರೂ ನೋಡದವನು ಏನು ಬೇಕಾದರೂ ಮಾಡಬಹುದು ಎಂದು ಚಿತ್ರದಲ್ಲಿ ಡಾಕ್ಟರು ನಗುತ್ತಾನೆ. ಹೊರೇಸನಿಗೆ ಆ ಮಾತು ಮೈಯೊಳಗೆ ಹೊಕ್ಕಿತ್ತು. ಮುಸುಕಿನೊಳಗೆ ಅವನು ಲಯನಲ್ ವೇನ್‌ಗೆ ನಾಲಿಗೆ ಚಾಚಿ ಅಣಕಿಸುತ್ತಿದ್ದ. ನಿರ್ದೇಶಕ ಕಾರ್ಲಿಸ್ ಬೈಯುವಾಗ ಹಲ್ಲು ಕಿಸಿಯುತ್ತಿದ್ದ. ಇದು ಅವನ ಬಾಳಿನ ಅತ್ಯಂತ ಸುಖದ ಎಂಟು ವಾರವಾಗಿತ್ತು ಅನ್ನುವುದನ್ನು ಮಾಬೆಲ್‌ಗೆ ಕೂಡ ಹೇಳಲು ನಾಚಿಕೆಯಾಗುತ್ತಿತ್ತು.

ಮಧ್ಯಾಹ್ನ ಹಂದಿಮಾಂಸದ ಕಡುಬನ್ನು ಅವನು ಅರ್ಧ ತಟ್ಟೆಯಲ್ಲೇ ಬಿಟ್ಟ. ಫೋರ್ಕನ್ನು ಅತ್ತಿತ್ತ ಮಾಡುತ್ತಿದ್ದಾಗ ಮಾಬೆಲ್ ಅವನ ಎಡಗೈಯನ್ನು ಹಿಡಿದು, ಹಬ್ಬದ ದಿನ ಮಗುವಿನ ಕೈ ನೋಡುವ ಹಾಗೆ ತಿರುಗಿಸಿ ನೋಡಿದಳು. "ಎಷ್ಟು ಒದೆ ತಿಂದಿದೆ ಈ ಕೈ. ಇವತ್ತು ದೊಡ್ಡ ಪರದೆ ಮೇಲೆ ಬರತ್ತೆ," ಎಂದಳು. ಒದೆ ತಿಂದದ್ದು ನಿಜ. ಪ್ಯಾರಿಷ್ ಶಾಲೆಯ ಮೇಷ್ಟ್ರು ಎಡಗೈಯಲ್ಲಿ ಬರೆಯುವವರು ಸೈತಾನನ ಕಡೆಯವರು ಎಂದು ನಂಬಿದ್ದವರು. ಬೆತ್ತ ಮುರಿದ ಮೇಲೆ ಬೂಟಿನ ದಾರದಿಂದ ಆ ಕೈಯನ್ನು ಬೆಂಚಿಗೆ ಕಟ್ಟಿಹಾಕಿ, ಹುಡುಗರನ್ನೆಲ್ಲ ಸಾಲಾಗಿ ಬಂದು ನೋಡಿಕೊಂಡು ಹೋಗಲು ಹೇಳಿದ್ದರು. ಅವತ್ತಿನಿಂದ ಹೊಸಿಲು ದಾಟಿದರೆ ಅವನು ಬಲಗೈಯವನು. ಮದುವೆಯ ದಾಖಲೆಗೆ ಬಲಗೈಯಲ್ಲೇ ಸಹಿ ಹಾಕಿದ್ದ, ಸೈನ್ಯದಲ್ಲಿ ಬಲಗೈಯಲ್ಲೇ ಬಂದೂಕು ಹಿಡಿದಿದ್ದ, ಬಿಯರಿನ ಲೋಟವನ್ನೂ ಬಲಗೈಯಲ್ಲೇ ಎತ್ತುತ್ತಿದ್ದ. ಮನೆಯ ಹೊರಗೆ ಅವನ ಎಡಗೈಯ ಗುರುತು ಯಾರಿಗೂ ಇಲ್ಲ. ಮುಸುಕಿನೊಳಗಿನ ನಾಲ್ಕನೆಯ ವಾರದ ಹೊತ್ತಿಗೆ ಆ ಕೈ ತಾನೇ ತಾನಾಗಿ ಏಳತೊಡಗಿತ್ತು. ಊಟದ ಬಿಡುವಿನಲ್ಲಿ, ದೀಪ ಸರಿಮಾಡುವಾಗ, ಯಾರೂ ನೋಡುವುದಿಲ್ಲವಲ್ಲ ಎಂದು ಗಾಳಿಯಲ್ಲಿ ತನ್ನ ಹೆಸರನ್ನು ಬರೆಯುತ್ತಿತ್ತು. ಕಾಗದ ಬರೆಯುವ ದೃಶ್ಯ ಬಂದದ್ದು ಎಂಟನೆಯ ವಾರ, ಅವತ್ತಿನ ಕೊನೆಯ ಟೇಕ್.

"ಮಿಸ್ಟರ್ ಟಿಬ್ಬಲ್, ಬಲಗೈ. ಮರೀಬೇಡಿ. ಮಿಸ್ಟರ್ ವೇನ್ ಮೊದಲ ದೃಶ್ಯದಲ್ಲಿ ಬಲಗೈಯಲ್ಲಿ ಬರೆದಿದ್ದಾರೆ." ಮಿಸ್ ಪಾರ್ಜಿಟರ್ ಮುಸುಕಿನ ಹತ್ತಿರ ಬಾಯಿಟ್ಟು ಹೇಳಿದ್ದಳು. ಯಾವ ಗುಂಡಿ ಬಿಚ್ಚಿತ್ತು, ಮೇಣದ ಬತ್ತಿ ಎಷ್ಟು ಉರಿದಿತ್ತು, ಬಾಗಿಲನ್ನು ಯಾವ ಕೈಯಲ್ಲಿ ತೆಗೆದರು ಎಂದು ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆ ನೋಡಿ ಬರೆದಿಡುವುದು ಅವಳ ಕೆಲಸ. ಅವನು ತಲೆಯಾಡಿಸಿದ್ದ. ಅಷ್ಟರಲ್ಲಿ ವೇನ್ ಅವಳನ್ನು ಆಚೆ ಕರೆದ, ಸಾಲುಗಳನ್ನು ಓದಿ ಹೇಳಲು. ಅವಳು ಬೆನ್ನು ತಿರುಗಿಸಿ ನಿಂತು ಓದುತ್ತಿದ್ದಳು. ದೀಪ ಹತ್ತಿತು. ಲೇಖನಿ ಮೇಜಿನ ಮೇಲಿತ್ತು. ಬಲಗೈ ಎಂದು ತಲೆ ಹೇಳುತ್ತಿದ್ದಾಗಲೇ ಎಡಗೈ ಮುಂದೆ ಬಂತು, ಅವನು ಅದನ್ನು ತಡೆಯಲಿಲ್ಲ, ತಡೆಯಬಹುದಾಗಿತ್ತು. ಗಾಳಿಯಲ್ಲಿ ತಾನೇ ಬರೆಯುವ ಲೇಖನಿಯನ್ನು ಬಾಯಿಬಿಟ್ಟು ನೋಡುವವರು ಅದು ಯಾವ ಕೈ ಎಂದು ಎಲ್ಲಿ ನೋಡುತ್ತಾರೆ? ಕಾರ್ಲಿಸ್ ಚಪ್ಪಾಳೆ ತಟ್ಟಿದ. ಇವತ್ತಿಗೆ ಸಾಕು ಎಂದ. ಅವತ್ತು ಮನೆಗೆ ಬಂದವನೇ ಹೊರೇಸ್ ಮಾಬೆಲ್‌ಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದ.

"ಏನಪ್ಪಾ ಕಾಣದ ಮನುಷ್ಯಾ!" ಬರ್ಟ್ ಡಾಕೆಟ್ ತನ್ನ ಬಾಗಿಲಲ್ಲಿ ನಿಂತು ಕೂಗಿದ. ಬೀದಿಯ ಹತ್ತು ಹನ್ನೆರಡು ಜನ ಹೊರಟು ನಿಂತಿದ್ದರು. "ಕೋಟು ಪ್ಯಾಂಟು ಹಾಕ್ಕೊಂಡು ಬಂದ್ಬಿಟ್ಟಿದ್ದೀಯಲ್ಲೋ. ಬಿಚ್ಚಿ ಬಂದಿದ್ರೆ ಟಿಕೆಟ್ಟಾದ್ರೂ ಉಳೀತಿತ್ತು!"

"ನೀನು ಬಿಚ್ಚಿದ್ರೂ ಕಾಣ್ತೀಯ ಬರ್ಟ್, ಅಷ್ಟು ಮಸಿ ಇದೆ ಮೈಮೇಲೆ," ಎಂದಳು ಮಾಬೆಲ್. ಎಲ್ಲರೂ ನಕ್ಕರು. ಅವಳು ಹೊರೇಸನ ತೋಳು ಹಿಡಿದುಕೊಂಡಳು, ಎಡತೋಳನ್ನೇ. ಮಾರ್ಚಿನ ಗಾಳಿ ಟೋಪಿಗಳನ್ನು ಹಾರಿಸುವಂತೆ ಬೀಸುತ್ತಿತ್ತು. ಫಿಲ್ಮ್ ಮಗುಚಿರಲಿಕ್ಕಿಲ್ಲ, ಎಂದು ಹೊರೇಸ್ ತನಗೇ ಹೇಳಿಕೊಂಡ. ಮರೆತಿರಬಹುದು. ಅಷ್ಟು ಕೆಲಸದ ನಡುವೆ ಒಂದು ಕೈಗವಸಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ. ಹೈಸ್ಟ್ರೀಟಿನ ಮೂಲೆಯಲ್ಲಿ, ಚಿತ್ರಮಂದಿರಕ್ಕೆ ಮೂರು ಅಂಗಡಿ ಈಚೆ, ಆವಿ ಹಿಡಿದ ಗಾಜಿನ ಚಹಾದಂಗಡಿ ಬಂದಾಗ ಅವನು ರಸ್ತೆಯ ಆಚೆ ಬದಿಗೆ ದಾಟಿಬಿಟ್ಟ. "ಎಲ್ಲಿಗೋ?" ಎಂದಳು ಮಾಬೆಲ್, ಅವನ ಹಿಂದೆ ಎಳೆಸಿಕೊಂಡು ಹೋಗುತ್ತ. ಗಾಳಿ, ಎಂದ ಅವನು.

ಎರಡು ವಾರದ ಹಿಂದೆ ಅದೇ ಅಂಗಡಿಗೆ, ಮಳೆ ಬಂತೆಂದು ನುಗ್ಗಿದ್ದ. ಕೂತು ಟೋಪಿ ತೆಗೆಯುವಷ್ಟರಲ್ಲಿ ಕಪ್ಪು ಉಡುಪು, ಬಿಳಿ ಮೇಲುಡಿಗೆಯ ಹೆಂಗಸೊಬ್ಬಳು ಚೀಟಿಯ ಮೇಲೆ ಪೆನ್ಸಿಲಿಟ್ಟು ನಿಂತಿದ್ದಳು, ಹಾಗೆ ಪೆನ್ಸಿಲ್ ಹಿಡಿಯುವವಳು ಪ್ರಪಂಚದಲ್ಲಿ ಒಬ್ಬಳೇ. ಮಿಸ್ ಪಾರ್ಜಿಟರ್ ಅವನ ಮುಖ ನೋಡಲಿಲ್ಲ, ಚೀಟಿಯನ್ನೇ ನೋಡುತ್ತ "ಚಹಾ, ಬನ್ನು?" ಎಂದಳು. ಚಹಾ ತಂದಿಟ್ಟು ಹೋದಳು. ಕಪ್ಪಿನ ಹಿಡಿ ಅಡ್ಡ ತಿರುಗಿತ್ತು. ಅದನ್ನು ಸರಿಮಾಡಿಕೊಂಡು, ಬಲಗೈಯಲ್ಲಿ, ನಾಲಿಗೆ ಸುಡುವ ಹಾಗೆ ಕುಡಿದು ಅವನು ಮಳೆಯಲ್ಲೇ ಓಡಿಬಂದಿದ್ದ. ಗುರುತು ಹಿಡಿಯಲಿಲ್ಲ, ಸದ್ಯ, ಎಂದು ಅರ್ಧ ದಾರಿ ಸಮಾಧಾನಪಟ್ಟಿದ್ದ. ಉಳಿದರ್ಧ ದಾರಿ ಗುರುತು ಹಿಡಿಯಲಿಲ್ಲವಲ್ಲ ಎಂದು ನೊಂದಿದ್ದ. ತನ್ನಂಥ ಮನುಷ್ಯನಿಗೆ ಎರಡನ್ನೂ ಒಟ್ಟಿಗೇ ಬಯಸುವುದು ಸಾಧ್ಯ ಎಂಬುದು ಅವನಿಗೇ ಅಸಹ್ಯವೆನಿಸಿತ್ತು.

ಚಿತ್ರಮಂದಿರದ ದೀಪ ಆರಿತು. ಬಿಸ್ಕತ್ತಿನ ಪೊಟ್ಟಣಗಳ ಸದ್ದು ನಿಂತಿತು. ಹೆಸರುಗಳ ಪಟ್ಟಿ ಓಡಿತು, ಮಕಮಲ್ಲು ಹೊಲಿದ ಕಂಪನಿಯ ಹೆಸರೂ ಇತ್ತು. ಮಾಬೆಲ್ ಅವನ ಹೆಸರಿಗಾಗಿ ಕತ್ತು ಚಾಚಿ ನೋಡಿ, ಪಟ್ಟಿ ಮುಗಿದ ಮೇಲೆ, "ಇರಲಿ ಬಿಡು," ಎಂದು ಅವನ ಮೊಣಕಾಲು ತಟ್ಟಿದಳು. ಲಯನಲ್ ವೇನ್ ಬಂದ, ಮದ್ದು ಕುಡಿದ, ಕನ್ನಡಿಯ ಮುಂದೆ ಕರಗಿಹೋದ. ಆಮೇಲೆ ಕೋಟೊಂದು ಮೆಟ್ಟಿಲಿಳಿದು ಬಂತು, ಜನ ಓ ಎಂದರು. ಅದು ನನ್ನ ನಡಿಗೆ, ಎಂದುಕೊಂಡ ಹೊರೇಸ್, ನನ್ನ ಬಗ್ಗಿದ ಎಡ ಭುಜ, ಮಾಬೆಲ್‌ಗೆ ಕಾಣುತ್ತಿಲ್ಲವೇ. ಆದರೆ ಕೋಟು ಯಾರದ್ದಾದರೂ ಆಗಿರಬಹುದಿತ್ತು. ಕತ್ತಲಲ್ಲಿ ಬೆಳಕು ಮಿಣುಕುತ್ತಿದ್ದಂತೆ ಅವನಿಗೆ ಸ್ಟುಡಿಯೊದ ಆ ಓಣಿಯ ಬೆಂಚು ನೆನಪಾಯಿತು, ನವೆಂಬರಿನ ಬೆಳಿಗ್ಗೆ, ಹನ್ನೊಂದು ಗಂಟೆಗೆ ಬಾ ಎಂದು ಕಾರ್ಡು ಬಂದಿತ್ತು, ಪಟ್ಟಿಯಲ್ಲಿ ಹೆಸರು ಹಾಕುತ್ತಾರೆ ಎಂದು ಮಾಬೆಲ್ ಕಾಲರಿಗೆ ಗಂಜಿ ಹಾಕಿ ಕಳಿಸಿದ್ದಳು. ಎಂಟು ವಾರ ದಿನಾ ನಮಸ್ಕಾರ ಹೇಳಿದ್ದ ಬಾಗಿಲು ಕಾಯುವವನು "ಯಾರು ನೀನು?" ಎಂದು ಕೇಳಿದ್ದ. ಒಳಗೆ ಬೆಂಚಿನ ಮೇಲೆ ಮಿಸ್ ಪಾರ್ಜಿಟರ್ ಕೂತಿದ್ದಳು, ತೊಡೆಯ ಮೇಲೆ ನೋಟುಪುಸ್ತಕ.

"ಕೊನೇ ರೀಲು ನೋಡಿದ್ರಂತೆ. ಡಾಕ್ಟರು ಇದ್ದಕ್ಕಿದ್ದ ಹಾಗೆ ಎಡಗೈಯವನಾಗಿದ್ದಾನೆ," ಎಂದಳು. "ಕಪ್ಪು ಸೆಟ್ ಕಿತ್ತುಹಾಕಿ ಆಗಿದೆ, ಮತ್ತೆ ತೆಗೆಯೋ ಹಾಗಿಲ್ಲ. ಒಳಗೆ ಕೂಗಾಡ್ತಿದ್ದಾರೆ."

ಹೊರೇಸ್ ಗಂಜಿ ಹಾಕಿದ ಕಾಲರನ್ನು ಸಡಿಲಿಸಿಕೊಂಡ.

"ನೀವ್ಯಾಕೆ ಹೀಗೆ ಬೆವರ್ತಿದ್ದೀರಿ? ಅಭ್ಯಾಸ ಬಲ, ಕೈ ತಪ್ಪಿತು ಅನ್ನಿ, ಅದೇನು ಕೊಲೆಯಲ್ಲ. ನಾನು ಬಲಗೈ ಅಂತ ಹೇಳಿದ್ದು ನೆನಪಿದೆಯಲ್ಲ, ನೀವು ತಲೆ ಆಡಿಸಿದ್ರಿ. ಅಷ್ಟು ಹೇಳಿದ್ರೆ ನನಗೆ ಸಾಕು." ನಕ್ಕಳು. "ಎಂಟು ವರ್ಷ ಆಯ್ತು ನಾನಿಲ್ಲಿ. ಚಹಾದ ತಟ್ಟೆ ಹೊರೋದ್ರಿಂದ ಶುರು ಮಾಡಿದೆ ಗೊತ್ತಾ? ಯಾರಿಗೆ ಸಕ್ಕರೆ ಎಷ್ಟು ಅಂತ ಒಂದು ದಿನವೂ ತಪ್ಪಲಿಲ್ಲ. ಅದಕ್ಕೇ ಈ ಕೆಲಸ ಕೊಟ್ರು."

ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಕಾರ್ಲಿಸ್ ಮೇಜಿನ ಹಿಂದೆ ನಿಂತಿದ್ದ. ಕಿಟಕಿಯ ಹತ್ತಿರ ಹಣ ಹಾಕಿದವರ ಕಡೆಯ ಇಬ್ಬರು. "ಟಿಬ್ಬಲ್, ಸುತ್ತಿ ಬಳಸಿ ಬೇಡ. ಬಲಗೈ ಅಂತ ಈಕೆ ನಿನಗೆ ಹೇಳಿದ್ದಳೋ ಇಲ್ವೋ?" ಹೇಳಿದ್ದಳು ಎನ್ನಬೇಕು. ಎಂದರೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾರೆ, ಆಮೇಲೆ ಯಾವ ಸ್ಟುಡಿಯೊದವನೂ ಗುಂಪಿನಲ್ಲಿ ನಿಲ್ಲಲು ಕೂಡ ಕರೆಯುವುದಿಲ್ಲ, ಮತ್ತೆ ಕಿಟಕಿ, ಮತ್ತೆ ಬೀದಿಯ ಕನಿಕರ. ಹೇಳಲಿಲ್ಲ ಎನ್ನುವಷ್ಟು ಕೆಟ್ಟವನೂ ಅವನಲ್ಲ. ಬೆಂಚಿಗೆ ಕಟ್ಟಿದ ಕೈ, ಸಾಲಾಗಿ ಬಂದು ನೋಡುವ ಹುಡುಗರು. ಮುಸುಕು ಈಗ ಮೈಮೇಲೆ ಇರಲಿಲ್ಲ, ಆದರೆ ಅದನ್ನು ಎಳೆದುಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು.

"ಆ ಮುಸುಕಿನೊಳಗೆ ಏನೂ ಕೇಳಿಸೋದಿಲ್ಲ ಸಾರ್," ಎಂದ.

ಅವಳು ಅವನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ, ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆ ನೋಡುವಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು, ಅವನ ಮುಖವನ್ನು, ಬೆವರನ್ನು, ಕೋಟಿನ ಗುಂಡಿಯನ್ನು ಹಿಂಡುತ್ತಿದ್ದ ಎಡಗೈಯನ್ನು. ಆ ಕೈಯ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ಮಿಸ್ ಪಾರ್ಜಿಟರ್," ಕಾರ್ಲಿಸ್ ಹೇಳುತ್ತಿದ್ದ, "ಕೇಳಿಸದವನಿಗೆ ಕೇಳಿಸೋ ಹಾಗೆ ಹೇಳೋದಕ್ಕೇ ನಿಮ್ಮನ್ನ ಇಟ್ಕೊಂಡಿರೋದು." ಅವಳು ನೋಟುಪುಸ್ತಕ ಮುಚ್ಚಿದಳು. "ಕೈಗವಸಿನ ಫಿಲ್ಮನ್ನ ಮಗುಚಿ ಮುದ್ರಿಸಿ ಸಾರ್," ಎಂದಳು, "ಎಡ ಬಲ ಆಗತ್ತೆ. ಕೋಣೆ ಬೇರೆ ಫಿಲ್ಮಲ್ಲಿದೆ, ಅದು ಹಾಗೇ ಇರತ್ತೆ. ಮುಖ ಇಲ್ವಲ್ಲ, ಯಾರಿಗೂ ಗೊತ್ತಾಗಲ್ಲ." ಕಿಟಕಿಯ ಇಬ್ಬರೂ ತಲೆಯಾಡಿಸಿದರು. ಉಪಾಯವನ್ನು ಇಟ್ಟುಕೊಂಡರು, ಅವಳನ್ನು ಆ ವಾರವೇ ಕಳಿಸಿಬಿಟ್ಟರು. ಹೊರೇಸನನ್ನು ಆ ಸ್ಟುಡಿಯೊದವರು ಮತ್ತೆ ಯಾವತ್ತೂ ಕರೆಯಲಿಲ್ಲ. ಬೇಕೆಂದೇ ಕರೆಯದೆ ಇದ್ದದ್ದಲ್ಲ, ಅವನನ್ನು ಮರೆತಿದ್ದರು.

ಮಾಬೆಲ್ ಅವನ ಕೈ ಹಿಸುಕಿದಳು. ಪರದೆಯ ಮೇಲೆ ಮೇಜು, ಮೇಣದ ಬತ್ತಿ, ಕಾಗದ. ಅಕ್ಕಪಕ್ಕದ ಕುರ್ಚಿಗಳಲ್ಲಿ ಇಡೀ ಬೀದಿ ಮುಂದಕ್ಕೆ ಬಾಗಿತು. ಎರಡು ಖಾಲಿ ಕೈಗವಸುಗಳು ತೇಲಿಬಂದು ಮೇಜಿನ ಮೇಲೆ ಕೂತವು. ಹೊರೇಸ್ ಕೊಳವೆಯಲ್ಲಿ ಉಸಿರಾಡುವಂತೆ ಬಾಯಿಯಿಂದ ಒಂದು ಸಲ ಗಾಳಿ ಎಳೆದುಕೊಂಡ. ಲೇಖನಿ ಎದ್ದಿತು.

ಬಲಗೈಯಲ್ಲಿ.

ಅದೇ ತೂಗಾಟ, ಅದೇ ಬೆರಳು ಮಡಿಸುವ ರೀತಿ, ಕೊನೆಯಲ್ಲಿ ಮಸಿ ಒರೆಸುವ ಅದೇ ಪುಟ್ಟ ಜರ್ಬು, ಎಲ್ಲ ಅವನದೇ; ಬೆಳಗಿನ ಕನ್ನಡಿಯವನು ಮೇಜಿನ ಮುಂದೆ ಕೂತು, ಸಾವಿರ ಜನರ ಎದುರು, ಸಲೀಸಾಗಿ ಬರೆಯುತ್ತಿದ್ದ. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. "ಯಾವ ಕೈ ಅಂದಿದ್ರಿ ಮಿಸೆಸ್ ಟಿಬ್ಬಲ್?" ಮಿಸೆಸ್ ಡಾಕೆಟ್ ಪಿಸುಗುಟ್ಟಿದಳು. ಅವಳ ಗಂಡನಿಗೆ ಪಿಸುಗುಟ್ಟಿ ಗೊತ್ತಿಲ್ಲ. "ಹೇ, ನಾನೂ ಇದೀನಿ ಕಣ್ರೋ ಈ ಸಿನಿಮಾದಲ್ಲಿ! ಅಗೋ, ಆ ಖಾಲಿ ಕುರ್ಚಿ ನೋಡಿ, ಅದರ ಮೇಲೆ ಕೂತಿರೋನು ನಾನೇ!" ಅರ್ಧ ಚಿತ್ರಮಂದಿರ ನಕ್ಕಿತು. ಮಾಬೆಲ್ ಅವನ ಕೈಯನ್ನು ಬಿಟ್ಟಳು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ಹೊರೇಸನಿಗೆ ತಿಳಿಯಲಿಲ್ಲ.

ಹೊರಗೆ ಬಂದಾಗ ಬೆಳಕು ಇನ್ನೂ ಇತ್ತು. ಬೀದಿಯವರು ಏನೂ ಆಗಿಲ್ಲವೆಂಬಂತೆ ಚಿತ್ರ ಚೆನ್ನಾಗಿತ್ತು ಎಂದು ಹೇಳುತ್ತ, ಮಾಬೆಲ್‌ಳ ಟೋಪಿಯನ್ನು ಹೊಗಳುತ್ತ ಚದುರಿದರು. ಆ ದಯೆ ಬರ್ಟ್‌ನ ತಮಾಷೆಗಿಂತ ಕೆಟ್ಟದಾಗಿತ್ತು. ಅವಳು ಎಲ್ಲರಿಗೂ ನಗುತ್ತ ಉತ್ತರಿಸಿದಳು. ಕೊನೆಯವರು ಮೂಲೆ ತಿರುಗುವವರೆಗೆ ಆ ನಗೆ ಹಾಗೇ ಇತ್ತು.

"ಹೊರೇಸ್, ಒಂದು ಮಾತು ಹೇಳು, ನಾನು ಬೈಯಲ್ಲ," ಎಂದಳು. "ಎಲ್ಲರ ಹಾಗೆ ಗುಂಪಿನಲ್ಲಿ ನಿಂತು ಬಂದು, ನನಗೆ ಖುಷಿಯಾಗಲಿ ಅಂತ ಕಥೆ ಕಟ್ಟಿದ್ಯಾ?"

"ಇಲ್ಲ. ಅದು ನಾನೇ. ಆಮೇಲೆ ಫಿಲ್ಮ್ ಮಗುಚಿದ್ರು."

"ಮಗುಚಿದ್ರು." ಅವಳು ಆ ಪದವನ್ನು ನಾಲಿಗೆಯ ಮೇಲಿಟ್ಟು ನೋಡಿದಳು. "ನಿನಗೆ ಮೊದಲೇ ಗೊತ್ತಿತ್ತಾ?"

ಅವನು ನೆಲ ನೋಡಿದ.

"ಗೊತ್ತಿದ್ದೂ ನಾನು ಬೀದಿ ತುಂಬ ಸಾರ್ಕೊಂಡು ಬರೋವಾಗ ಸುಮ್ಮನಿದ್ಯಾ? ನಂಬೋ ಹಾಗೆ ಮಾತಾಡು ಮಾರಾಯಾ. ಎಂಟು ವಾರ ಹೋದ್ಯಲ್ಲ, ಆ ಮುಸುಕಿನೊಳಗೆ ನೀನಿದ್ದದ್ದನ್ನ ನೋಡಿದೋರು ಒಬ್ಬರಾದ್ರೂ ಇಲ್ವಾ?" ಅವಳ ದನಿ ಒಡೆದಿತ್ತು. ನಡುರಸ್ತೆಯಲ್ಲಿ ಅವಳು ಅತ್ತದ್ದನ್ನು ಅವನು ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಇಲ್ಲ, ಯಾರೂ ಇಲ್ಲ ಎಂದುಬಿಟ್ಟರೆ ಮನೆಗೆ ಹೋಗಬಹುದು. ಅವಳು ಇವತ್ತಲ್ಲ ನಾಳೆ ಮರೆತ ಹಾಗೆ ಮಾಡುತ್ತಾಳೆ. ಆದರೆ ಇನ್ನು ಮುಂದೆ ಅವನು ಹೇಳಿದ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ. ಅವಳ ನಂಬಿಕೆ ಹೋದರೆ ತನ್ನ ಎಡಗೈಯನ್ನು ಕಂಡ ಒಂದೇ ಮನೆಯೂ ಹೋದ ಹಾಗೆ.

"ಒಬ್ಬಳಿದ್ದಾಳೆ," ಎಂದ.

ಚಹಾದಂಗಡಿ ತುಂಬಿತ್ತು. ಮ್ಯಾಟಿನಿಯಿಂದ ಬಂದವರ ಗದ್ದಲ, ತಟ್ಟೆಗಳ ಸದ್ದು. ಗೋಡೆಯ ಬದಿಯ ಮೇಜೊಂದು ಸಿಕ್ಕಿತು. ಮಿಸ್ ಪಾರ್ಜಿಟರ್ ಚೀಟಿ ಹಿಡಿದು ಬಂದಳು. ಅವಳು ತೆಳ್ಳಗಾಗಿದ್ದಳು, ಕಾಲು ನೋಯುವವರ ಹಾಗೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ಹೊರೇಸ್ ಎದ್ದು ನಿಂತ, ಟೋಪಿ ಕೈಯಲ್ಲಿ.

"ಮಿಸ್ ಪಾರ್ಜಿಟರ್, ಇವಳು ನನ್ನ ಹೆಂಡತಿ. ಆ ಸಿನಿಮಾದಲ್ಲಿ, ಮುಸುಕಿನೊಳಗೆ ನಾನೇ ಇದ್ದೆ ಅಂತ ದಯವಿಟ್ಟು ನೀವು..."

ಅವಳು ಚೀಟಿಯಿಂದ ಕಣ್ಣೆತ್ತಿದಳು. ಅದೇ ತಾಳೆ ನೋಡುವ ಕಣ್ಣು.

"ಕ್ಷಮಿಸಿ ಸಾರ್, ತುಂಬ ಗಲಾಟೆ," ಎಂದಳು. "ಇದರೊಳಗೆ ನನಗೇನೂ ಕೇಳಿಸೋದಿಲ್ಲ. ಇಬ್ಬರಿಗೂ ಚಹಾನಾ?"

ಅವನು ಕೂತ. ಕಿವಿಯವರೆಗೂ ಬಿಸಿ ಏರಿತ್ತು. ಮಾಬೆಲ್ ಅವನನ್ನು ನೋಡಲಿಲ್ಲ, ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದಳು. "ಆ ಹೆಂಗಸಿಗೆ ನಿನ್ನ ಗುರುತೇ ಇಲ್ಲ," ಎಂದಳು ಕೊನೆಗೆ, ತಗ್ಗಿದ ದನಿಯಲ್ಲಿ. ಎದುರಿನ ಗೋಡೆಯ ಕನ್ನಡಿಯಲ್ಲಿ ಬೆನ್ನುಗಳು, ಟೋಪಿಗಳು, ತಟ್ಟೆ ಹೊತ್ತು ಓಡಾಡುವ ಹುಡುಗಿಯರು. ತಾನು ಎಲ್ಲಿ ಕೂತಿದ್ದೇನೆಂದು ಹುಡುಕಬೇಕಾಯಿತು. ಮಿಸ್ ಪಾರ್ಜಿಟರ್ ಬಂದಳು, ಚಹಾದ ಪಾತ್ರೆ, ಹಾಲು, ಕಪ್ಪುಗಳನ್ನು ಒಂದೊಂದಾಗಿ ಇಟ್ಟಳು, ಎಲ್ಲೂ ಒಂದು ಹನಿ ಚೆಲ್ಲಲಿಲ್ಲ, ಹೋದಳು.

ಮಾಬೆಲ್ ಚಹಾ ಬಗ್ಗಿಸಲು ಪಾತ್ರೆ ಎತ್ತಿದವಳು ಹಾಗೇ ನಿಂತಳು. ಅವಳ ಕಪ್ಪಿನ ಹಿಡಿ ಅವಳ ಬಲಕ್ಕಿತ್ತು. ಹೊರೇಸನ ಕಪ್ಪಿನ ಹಿಡಿ ಅವನ ಎಡಕ್ಕೆ ತಿರುಗಿತ್ತು. ಅವನ ಚಮಚವೂ ಎಡಕ್ಕಿತ್ತು, ಬೆಣ್ಣೆಯ ಚಾಕುವೂ. ಮನೆಯಲ್ಲಿ ಅವಳೇ ಇಡುವ ಹಾಗೆ.

"ಹೊರೇಸ್," ಎಂದಳು ನಿಧಾನವಾಗಿ. "ಹೊರಗೆ ನೀನು ಎಡಗೈ ಎತ್ತಿದ್ದನ್ನ ನಾನೇ ಒಂದು ಸಲವೂ ನೋಡಿಲ್ಲ. ಇವಳಿಗೆ ಹೇಗೆ ಗೊತ್ತು?"

ಅವನು ಕಪ್ಪನ್ನು ನೋಡುತ್ತ ಕೂತಿದ್ದ. ಎರಡು ವಾರದ ಹಿಂದೆ, ಮಳೆಯ ದಿನ, ಹಿಡಿ ಅಡ್ಡ ತಿರುಗಿತ್ತು ಎಂದುಕೊಂಡು ಸರಿಮಾಡಿಕೊಂಡಿದ್ದನಲ್ಲ, ಅದು ಅಡ್ಡ ತಿರುಗಿರಲಿಲ್ಲ.

ಮಾಬೆಲ್‌ಳ ಮುಖ ತಿಳಿಯಾಗುತ್ತ ಬಂತು. "ಹಾಗಾದ್ರೆ ಇವಳು ನೋಡಿದ್ದಾಳೆ. ನೀನು ಸುಳ್ಳು ಹೇಳಿಲ್ಲ," ಎಂದು ಅವನ ತೋಳು ಹಿಡಿದಳು, ಹಿಡಿದ ಕೈ ಅಲ್ಲೇ ನಿಂತಿತು. "ಮತ್ತೆ ಯಾಕೆ ಹಾಗೆ ಅಂದ್ಲು? ಸ್ಟುಡಿಯೊದವಳು ಇಲ್ಲಿ ಯಾಕೆ ಚಹಾ ಹೊರ್ತಿದ್ದಾಳೆ?"

ಮೊದಲ ಮಾತನ್ನಷ್ಟೇ ತೆಗೆದುಕೊಂಡು, ಎರಡನೆಯದು ಗಲಾಟೆಯಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. ಮುಸುಕು ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಹೊರೇಸ್ ಎಡಗೈ ಚಾಚಿ, ಅಷ್ಟು ಜನರ ನಡುವೆ, ಕಪ್ಪಿನ ಹಿಡಿಯನ್ನು ಹಿಡಿದ. ಕಪ್ಪು ತಟ್ಟೆಗೆ ಬಡಿಯಿತು.

"ನನಗೆ ಕೇಳಿಸಿತ್ತು, ಮಾಬೆಲ್," ಎಂದ. "ಅವಳು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು."

ಅದನ್ನು ಅವನು ಜೋರಾಗಿಯೇ ಹೇಳಿರಬೇಕು. ಪಕ್ಕದ ಮೇಜಿನವರು ತಿರುಗಿ ಅವನನ್ನು ನೋಡಿದರು. ಅಡುಗೆಮನೆಯ ಬಾಗಿಲ ಹತ್ತಿರ, ತಟ್ಟೆ ಹೊತ್ತು ಹೋಗುತ್ತಿದ್ದ ಮಿಸ್ ಪಾರ್ಜಿಟರ್ ನಿಂತಳು.